ಬಾತ್‌ಟಬ್ಬಿನಲ್ಲಿ ಕಾಲು ನೀಡಿ ಕೂತ ಶಿವಕ್ಕ

ಬೆಳಗಿನ ಆರೂವರೆ. ಅಮೆರಿಕದ ಶಾರ್ಲಟ್ ನಗರದ ಬ್ಯಾಲಂಟೈನ್ ಬಡಾವಣೆಯ ಮನೆಯೊಂದರಲ್ಲಿ ಶಿವಕ್ಕ ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಖಾಲಿ ಬಾತ್‌ಟಬ್ಬಿನೊಳಗೆ ಕಾಲು ನೀಡಿ ಕೂತಿದ್ದಾರೆ. ಕಾಲ ಮೇಲೆ ಆ ಮನೆಯ ಮೈಥಿಲಿಯ ಮೂರು ತಿಂಗಳ ಮಗು ಸೂರು ಹಾರುವಂತೆ ಅಳುತ್ತಿದೆ. "ಅಳು ಕಂದ, ಅಳು. ನಿಮ್ಮಪ್ಪ ಮೀಟಿಂಗಲ್ಲಿ ಬಾಯೇ ಬಿಡಲ್ವಂತೆ, ನೀನಾದ್ರೂ ಬಿಡು" ಎನ್ನುತ್ತ ಅವರು ಹದವಾದ ಬಿಸಿನೀರು ಹುಯ್ಯುತ್ತಾರೆ.

ಇದು 2022ರ ಮಾತು. ಕಳೆದ ಮಾರ್ಚ್‌ನಲ್ಲಿ, ಎಪ್ಪತ್ತೆಂಟರ ವಯಸ್ಸಿನಲ್ಲಿ, ಶಿವಕ್ಕ ತೀರಿಕೊಂಡರು. ಶಾರ್ಲಟ್ ಪಕ್ಕದ ಪುಟ್ಟ ಊರು ವ್ಯಾಕ್ಸ್‌ಹಾದ ಅವರ ಮಗನ ಮನೆಗೆ ಬಂದವರೆಲ್ಲ ಅಳಲೆಂದೇ ಬಂದು, ಒಂದೊಂದು ಕಥೆ ಹೇಳಿ, ನಗುತ್ತ ಎದ್ದುಹೋಗುತ್ತಿದ್ದಾರೆ.

ತಿಪಟೂರು ಕಡೆಯ ಶಿವಕ್ಕ ಸೊಸೆ ನೀತಾಳ ಬಾಣಂತನಕ್ಕೆಂದು ಬಂದದ್ದು 2020ರ ಫೆಬ್ರವರಿಯಲ್ಲಿ. ಮರುತಿಂಗಳೇ ಕೊರೊನಾ. ವಿಮಾನಗಳು ನಿಂತವು, ಸುತ್ತಲಿನ ಬಸುರಿಯರ ಅಮ್ಮಂದಿರು ಬೆಂಗಳೂರು, ಮೈಸೂರಿನಲ್ಲೇ ಉಳಿದರು. "ಹಸಿ ಬಾಣಂತೀರು ಫೋನ್ ನೋಡ್ಕೊಂಡು ಮಗೂಗೆ ಎಣ್ಣೆ ಹಚ್ತಿದ್ರು. ನೋಡ್ಕೊಂಡು ಸುಮ್ನಿರಕ್ಕಾಗ್ತದಾ?" ಎನ್ನುತ್ತಿದ್ದರು. ಮಾಸ್ಕ್ ಬಿಗಿದು ಬಾಣಂತಿಯರ ಮನೆಗಳಿಗೆ ಹೊರಟೇಬಿಟ್ಟರು; ವಿಮಾನಗಳು ಮತ್ತೆ ಹಾರಿದ ಮೇಲೂ ನಿಲ್ಲಿಸಲಿಲ್ಲ. ಡ್ರೈವರ್ ಕೆಲಸ ನೀತಾಳದು. "ಲೇಟಾದ್ರೆ ನನ್ಗೇ ಬೈಗುಳ. ನನ್ ಬಾಸ್ ಕೂಡ ಅಷ್ಟು ಫಾಲೋಅಪ್ ಮಾಡ್ತಿರ್ಲಿಲ್ಲ" ಎನ್ನುತ್ತಾಳೆ ಆಕೆ. ಒಟ್ಟು ಎಷ್ಟು ಮಕ್ಕಳಿಗೆ ನೀರು ಹಾಕಿದ್ದೀರಿ ಎಂದು ಕೇಳಿದರೆ ಶಿವಕ್ಕ ಗದರುತ್ತಿದ್ದರು: "ಮಕ್ಳನ್ನ ಎಣಿಸ್ತಾರಾ? ದೃಷ್ಟಿಯಾಗ್ತದೆ."

ಮೈಥಿಲಿಯ ಮನೆಯಲ್ಲಿ ಅಂದು ಸ್ನಾನ ಮುಗಿದು ಸಾಂಬ್ರಾಣಿ ಹೊಗೆ ಹಾಕಿದ್ದೇ ತಡ, ಸೂರಿನ ಹೊಗೆ ಅಲಾರಂ ಬಡಿದುಕೊಂಡಿತು. ಮೈಥಿಲಿ ಟವೆಲ್ ಬೀಸುತ್ತಿರುವಾಗಲೇ ಬಾಗಿಲಿಗೆ ಫೈರ್ ಟ್ರಕ್. ಅಗ್ನಿಶಾಮಕ ದಳದ ವೇಡ್ ಎಂಬ ಆರಡಿ ಆಳು ಮೆಟ್ಟಿಲು ಹಾರಿ ಬಚ್ಚಲಿಗೆ ನುಗ್ಗಿದ. ಶಿವಕ್ಕ ಕದಲಲಿಲ್ಲ. "ಬಾಗ್ಲು ಹಾಕಪ್ಪ! ಮಗೂಗೆ ಥಂಡಿ ಹತ್ತುತ್ತೆ!" ಭಾಷೆ ತಿಳಿಯದಿದ್ದರೂ ದನಿ ತಿಳಿಯಿತು. ಆತ ಬಾಗಿಲು ಹಾಕಿದ, ಒಳಗಿನಿಂದ. ಕೆಮ್ಮುತ್ತ ನಿಂತವನ ಕಣ್ಣೆದುರೇ ಮಗು ಹಳೇ ಸೀರೆಯಲ್ಲಿ ಸುತ್ತಿಸಿಕೊಂಡು ನಿದ್ದೆ ಹೋಯಿತು.

"ನನ್ನ ಮಗಳು ಹುಟ್ಟಿದಾಗಿನಿಂದ ನಾವಿಬ್ಬರೂ ಕಣ್ಣು ಮುಚ್ಚಿಲ್ಲ" ಎಂದ ಆತ ಮೈಥಿಲಿಯೊಂದಿಗೆ. "ಈ ಅಜ್ಜಿ ನಮ್ಮ ಮನೆಗೆ ಬರುತ್ತಾರಾ?"

ಶಿವಕ್ಕನ ಮಗ ಸಿದ್ಧಲಿಂಗೇಶ್ ಹೆದರಿದ. "ಬೇಡಮ್ಮ. ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಈ ಊರಲ್ಲಿ ಮುಖ ತೋರ್ಸಕ್ಕಾಗಲ್ಲ." ಶಿವಕ್ಕನಿಗೂ ಅಳುಕಿತ್ತು. ಆದರೆ ಶನಿವಾರ ವೇಡ್‌ನ ಹೆಂಡತಿ ಕೇಲಾ ತಾನೇ ಮಗುವನ್ನೆತ್ತಿಕೊಂಡು ಬಂದು, ಮಗುವಿಗಿಂತ ಜೋರಾಗಿ ಅಳುತ್ತ ಬಾಗಿಲಲ್ಲಿ ನಿಂತಾಗ, "ಇವಳೂ ಬಾಣಂತಿನೇ ಅಲ್ವೇನೋ? ಸರಿ ಆಚೆ" ಎಂದು ಮಗನನ್ನು ಪಕ್ಕಕ್ಕೆ ತಳ್ಳಿದರು.

ಕೇಲಾಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಎಣ್ಣೆ ನೀವಿದರು. ಮಗು ಮೊದಲು ಕಿರುಚಿತು, ಆಮೇಲೆ ಬಿಕ್ಕಿತು, ಕೊನೆಗೆ ಆಕಳಿಸಿತು. ಮಧ್ಯಾಹ್ನ ಕರೆದೊಯ್ಯಲು ಬಂದ ವೇಡ್ ಕಂಡದ್ದು ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದ ಹೆಂಡತಿಯನ್ನು. ಕಿವಿ ಮುಚ್ಚುವಂತೆ ತಲೆಗೆ ಮಫ್ಲರ್, ಹೊಟ್ಟೆಗೆ ಬಿಗಿಯಾಗಿ ಸೀರೆ, ಪಕ್ಕದಲ್ಲಿ ಮೆಣಸಿನ ಸಾರು ಕುಡಿದಿಟ್ಟ ಲೋಟ. "ಪೆಟ್ಟಾಗಿದೆಯಾ?" ಎಂದು ಆತ ಗಾಬರಿಯಾದ. "ಸ್ಲೋ, ಸ್ಲೋ" ಎಂದರು ಶಿವಕ್ಕ. ಅವರ ಇಂಗ್ಲಿಷ್ ಅಷ್ಟೇ. ಎಬ್ಬಿಸಬೇಡ ಎಂದು ಅದರ ಅರ್ಥ.

ಆಮೇಲೆ ವ್ಯಾಕ್ಸ್‌ಹಾದಲ್ಲಿ ಯಾರ ಮನೆಯಲ್ಲಿ ಮಗು ಅತ್ತರೂ ಅವರಿಗೆ ಕರೆ ಬರುತ್ತಿತ್ತು. ಈ ಮಕ್ಕಳು ದೊಡ್ಡವರಾಗಿ ನಿಮ್ಮನ್ನು ನೆನೆಯಬೇಕು ಅನಿಸುವುದಿಲ್ಲವೇ ಎಂದು ಕಳೆದ ವರ್ಷ ಕೇಳಿದ್ದೆ. ಸೆರಗಿನಲ್ಲಿ ಕೈಯ ಎಣ್ಣೆ ಒರೆಸಿಕೊಳ್ಳುತ್ತ ನಕ್ಕರು.

"ಬ್ಯಾಡಪ್ಪ, ಮರೀಲಿ. ಕಣ್ಣಿಗೆ ಸೋಪು ಹೋಗಿದ್ದೆಲ್ಲ ನೆನಪಿದ್ರೆ ಇಲ್ಲಿ ಕೇಸ್ ಹಾಕ್ತಾರಂತೆ. ಚೆನ್ನಾಗಿ ನಿದ್ದೆ ಮಾಡಿದ್ರೆ ಸಾಕು."