ಲ್ಹಾಸಾದ ಹೆಂಗಸು ಕೇಳಿದ ಬಾಂಗ್

ಬೆಟಗೇರಿಯ ನಮ್ಮ ಓಣಿಯ ಮಸೀದಿಯಿಂದ ಸಂಜೆಯ ಬಾಂಗ್ ಕೇಳಿಸಿದ್ದೇ ತಡ, ನಮ್ಮ ಮನೆಯ ಕಟ್ಟೆಯ ಮೇಲೆ ಮಾರಲು ಸ್ವೆಟರ್ ಹರವಿ ಕುಳಿತಿದ್ದ ಟಿಬೆಟಿನ ಹೆಂಗಸು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಕರ್ನಾಟಕ ಒಂದಾಗಿ ಹತ್ತು ಹನ್ನೆರಡು ವರ್ಷವಾಗಿತ್ತು. ಚೀನಾದ ಸೈನ್ಯ ನುಗ್ಗಿದ ಮೇಲೆ ಊರು ಬಿಟ್ಟು ಬಂದು ಮುಂಡಗೋಡಿನಲ್ಲಿ ನೆಲೆಸಿದ್ದ ಟಿಬೆಟನ್ನರು ಆಗಷ್ಟೇ ನಮ್ಮ ಕಡೆ ಬರತೊಡಗಿದ್ದರು. ಅವ್ವ ಮಗ್ಗದ ಕುಣಿಯಿಂದ ಎದ್ದು ಓಡಿ ಬಂದಳು.

“ಅಂಜಬ್ಯಾಡವಾ, ಅದು ನಮಾಜಿನ ಕೂಗು.”

“ಅಂಜಿಲ್ಲರಿ,” ಎಂದಳು ಆಕೆ, ಕಲಿತಷ್ಟು ಕನ್ನಡದಲ್ಲಿ. “ಲ್ಹಾಸಾದಾಗ ನಮ್ಮ ಮನಿ ಹಿಂದ ಮಸೀದಿ. ಸುತ್ತ ಗುಡ್ಡ, ಕೂಗು ತಿರುಗಿ ಬರತಿತ್ತು. ಕಾಶ್ಮೀರದವರು, ನೇಪಾಳದವರು, ಚೀನಾದವರು, ನಾವು, ಎಲ್ಲಾ ಒಂದ ಓಣಿ.”

ನಾನು ದಂಗಾದೆ. ಟಿಬೆಟ್ ಎಂದರೆ ಹಿಮ ಮತ್ತು ಲಾಮಾಗಳು ಎಂದಷ್ಟೇ ತಿಳಿದಿದ್ದೆ.

ಗದಗ ದಾಟಿ ಹೋಗದ ಅವ್ವ ಆಮೇಲೆ ಬಾಂಗ್ ಕೇಳಿದಾಗಲೆಲ್ಲ ಲಾಳಿ ನಿಲ್ಲಿಸಿ ಕೇಳುತ್ತಿದ್ದಳು: “ಆಕಿ ಊರಾಗ ಈಗ ಕೂಗತಾರೋ ಇಲ್ಲೋ?”