ತೊಣ್ಣೂರು ಸ್ವಾಮಿಗೆ ಬಿಟ್ಟ ಕಾಫಿ

ಇಪ್ಪತ್ತು ವರ್ಷ ನಾನು ಬಾರಿಸಿದ ಗಂಟೆ ಯುಗಾದಿಯ ಮಾರನೆಯ ದಿನ ನಿಂತುಹೋಯಿತು. ಪಾಂಡವಪುರದ ಒಂದು ಅಕ್ಕಿ ಗಿರಣಿಯಲ್ಲಿ ನಾನು ಟೈಂಕೀಪರ್ ಆಗಿದ್ದೆ. ಐದಕ್ಕೆ ಏಳುವುದು, ಐದೂವರೆಗೆ ಒಂದು ಲೋಟ ಕಾಫಿ, ಆರೂವರೆಗೆ ಮೊದಲ ಗಂಟೆ. ಇದರಲ್ಲಿ ಒಂದು ನಿಮಿಷವೂ ಆಚೀಚೆ ಆದದ್ದಿಲ್ಲ. ಗಿರಣಿ ಮುಚ್ಚಿದ ಮೇಲೂ ಐದಕ್ಕೇ ಏಳುತ್ತಿದ್ದೆ, ಐದೂವರೆಗೆ ಕಾಫಿ ಕುಡಿಯುತ್ತಿದ್ದೆ. ಆರೂವರೆಗೆ ಏನು ಮಾಡಬೇಕೆಂದು ಮಾತ್ರ ತಿಳಿಯುತ್ತಿರಲಿಲ್ಲ.

ಆಗ ನನಗೆ ನಲವತ್ತೆರಡು. ಸರ್ಕಾರಿ ಕೆಲಸಕ್ಕೆ ವಯಸ್ಸು ಮೀರಿತ್ತು. ಹೆಂಡತಿ ಲಕ್ಷ್ಮಮ್ಮ, ಇಬ್ಬರು ಹೆಣ್ಣುಮಕ್ಕಳು. ಐದು ತಿಂಗಳು ಕಂಡಕಂಡ ಕಡೆಗೆಲ್ಲ ಅರ್ಜಿ ಹಾಕಿದೆ. ಒಂದಕ್ಕೂ ಉತ್ತರವಿಲ್ಲ.

ಮೂರನೆಯ ಶ್ರಾವಣ ಶನಿವಾರ ನಡೆದೇ ತೊಣ್ಣೂರಿಗೆ ಹೋದೆ. ಕೆರೆಯಲ್ಲಿ ಮುಳುಗೆದ್ದು ಒದ್ದೆ ಬಟ್ಟೆಯಲ್ಲೇ ನಂಬಿನಾರಾಯಣನ ಎದುರು ನಿಂತೆ. ಹರಕೆ ಹೊರಲು ಕೈಯಲ್ಲಿ ಏನೂ ಇರಲಿಲ್ಲ. ಏನನ್ನಾದರೂ ಬಿಡೋಣ ಎಂದುಕೊಂಡು ಅರ್ಚಕರಿಗೆ, "ಹಾಗಲಕಾಯಿ ಬಿಡುತ್ತೇನೆ ಸ್ವಾಮಿ" ಎಂದೆ.

ವೃದ್ಧ ಅರ್ಚಕರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಾಗಲಕಾಯಿ ನಿನಗೆ ಇಷ್ಟವೇನಪ್ಪ?"

"ಅಷ್ಟೇನಿಲ್ಲ ಸ್ವಾಮಿ."

"ಹಾಗಿದ್ರೆ ಅದನ್ನ ಸ್ವಾಮಿ ತಲೆಗೆ ಯಾಕೆ ಕಟ್ತೀಯ? ಬಿಡೋದಾದ್ರೆ ಬಿಡಕ್ಕಾಗದ್ದನ್ನ ಬಿಡು."

ನಾಚಿಕೆಯಾಯಿತು. ಅಲ್ಲೇ ಕಣ್ಣು ಮುಚ್ಚಿ, "ಇವತ್ತಿನಿಂದ ಸಾಯುವ ತನಕ ಕಾಫಿ ಮುಟ್ಟೆ. ನನಗೊಂದು ದಾರಿ ತೋರಿಸು" ಎಂದೆ.

ಮೊದಲ ವಾರ ತಲೆ ಸಿಡಿಯಿತು. ಲಕ್ಷ್ಮಮ್ಮ, "ಬುಡಾಕೆ ನಿಮ್ಗೆ ಬೇರೆ ಏನೂ ಸಿಕ್ನಿಲ್ವಾ? ನಿಮ್ಮ ಸಿಡುಕು ಬುಟ್ಟಿದ್ರೆ ನಾನೂ ಒಂದು ಕಾಯಿ ಒಡೀತಿದ್ದೆ" ಎಂದಳು.

ಗೌರಿ ಹಬ್ಬಕ್ಕೆ ಅವಳ ಅಣ್ಣ ನಾಗಮಂಗಲದಿಂದ ಬಾಗಿನ ತಂದ. ಊಟವಾದ ಮೇಲೆ ಎಲೆ ಅಡಿಕೆ ಮೆಲ್ಲುತ್ತ ನನಗೆ ಹೇಳಿದ: "ಬಾವ, ತಪ್ಪು ತಿಳ್ಕಬ್ಯಾಡಿ. ಗಂಟೆ ಬಾರ್ಸೋ ಕೆಲ್ಸ ಇನ್ನೆಲ್ಲಿ ಸಿಕ್ಕಾತು ನಿಮ್ಗೆ? ಬರೋ ಭಾನ್ವಾರ ತಂಗಿನೂ ಮಕ್ಳುನೂ ಕರ್ಕೊಂಡ್ ಓಯ್ತೀನಿ. ನಮ್ಮೂರ್ ಇಸ್ಕೂಲಿಗೇ ಸೇರುಸ್ತೀನಿ. ನೀವು ಒಂದು ನೆಲೆ ಕಂಡ್ಮೇಲೆ ನೋಡಾನ."

ಅವನದು ಒಳ್ಳೆಯ ಮನಸ್ಸೇ. ನಾನು ಹೂಂ ಎಂದೆ. ಮಾರನೆಯ ದಿನ ಲಕ್ಷ್ಮಮ್ಮ ಗಣೇಶನ ಪೂಜೆ ಮುಗಿಸಿ, ಮಕ್ಕಳ ಬಟ್ಟೆಗಳನ್ನು ಮಡಿಸಿ ಟ್ರಂಕಿಗೆ ತುಂಬತೊಡಗಿದಳು.

ಮಂಗಳವಾರದ ಟಪಾಲಿನಲ್ಲಿ ಒಂದು ಕಾರ್ಡು ಬಂತು! ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ತಿರುಗಿ ಸರಕು ಮಾರಲು ಒಬ್ಬರು ಬೇಕಾಗಿದ್ದಾರೆ, ಗುರುವಾರ ಹತ್ತು ಗಂಟೆಗೆ ಶ್ರೀರಂಗಪಟ್ಟಣದ ಛತ್ರದಲ್ಲಿ ಸಂದರ್ಶನ ಎಂದಿತ್ತು. ಯಾವ ಸರಕು ಎಂದು ಬರೆದಿರಲಿಲ್ಲ. ಸೀಮೆಎಣ್ಣೆ ಸ್ಟವ್ ಇರಬೇಕು ಎಂದು ನಾನೇ ತೀರ್ಮಾನಿಸಿ, ನೆರೆಮನೆಯ ಸ್ಟವ್ವನ್ನು ಎರಡು ದಿನ ಬಿಚ್ಚಿ ಜೋಡಿಸಿ ಕಲಿತೆ.

ಗುರುವಾರ ಮೊದಲ ಬಸ್ಸು ಹಿಡಿದೆ. ದಾರಿಯಲ್ಲಿ ಎಂಜಿನ್ ಕಾದು, ಡ್ರೈವರು ಕಾಲುವೆಯಿಂದ ನೀರು ತಂದು ಹೊಯ್ದ. ಆದರೂ ಒಂದು ಗಂಟೆ ಮೊದಲೇ ಛತ್ರದ ಬಾಗಿಲಲ್ಲಿದ್ದೆ. ಒಳಗೆ ಕಾಲಿಟ್ಟೆನೋ ಇಲ್ಲವೋ, ಮೂಗಿಗೆ ಬಡಿಯಿತು ವಾಸನೆ! ಆಗತಾನೇ ಹುರಿದು ಪುಡಿ ಮಾಡಿದ ಕಾಫಿ! ಹಜಾರದ ತುಂಬ ಕಾಫಿ ಪುಡಿಯ ಪೊಟ್ಟಣಗಳು, ಮೂಲೆಯಲ್ಲಿ ಒಲೆ, ಸಾಲಾಗಿ ಲೋಟಗಳು. ಕಾಫಿ ಬಿಟ್ಟು ಅಂದಿಗೆ ಹತ್ತೊಂಬತ್ತು ದಿನ. ಅಲ್ಲೇ ಕಂಬ ಹಿಡಿದುಕೊಂಡೆ.

ಇಂಥ ಕೆಲಸಕ್ಕೆ ಹೋಗುವ ತರುಣರಿಗೆ ಅಲ್ಲಿ ಏನೇನು ಕೇಳುತ್ತಾರೆಂದು ಹೇಳಿಬಿಡುತ್ತೇನೆ, ಉಪಯೋಗವಾದೀತು. ಮೊದಲು ನಿಮ್ಮ ಉಗುರು, ಕಾಲರು ನೋಡುತ್ತಾರೆ. ಸೈಕಲ್ ತುಳಿಯಬಲ್ಲಿರಾ, ಸಂತೆಯ ದಿನಗಳು ಗೊತ್ತೇ, ಯಾರಾದರೂ ಬೇಡ ಎಂದರೆ ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ನೀವು ಕೊಡುವ ಉತ್ತರಕ್ಕಿಂತ ಕೊಡುವಾಗಿನ ಮುಖವನ್ನೇ ಹೆಚ್ಚು ನೋಡುತ್ತಾರೆ. ಕೊನೆಗೆ ಸರಕನ್ನು ಕೈಗೆ ಕೊಟ್ಟು, ಮಾರಿ ತೋರಿಸಿ ಎನ್ನುತ್ತಾರೆ. ನಮ್ಮಲ್ಲಿ ಒಂದು ಲೋಟ ಕಾಫಿ ಕುಡಿದು ರುಚಿ ಹೇಳಬೇಕಿತ್ತು. ಆಮೇಲೆ ಹಿತ್ತಿಲಿನ ಬಾವಿಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದ ಛತ್ರದ ಕೆಲಸದ ನಿಂಗಮ್ಮನಿಗೆ ಒಂದು ಪೊಟ್ಟಣ ಮಾರಬೇಕಿತ್ತು.

ಒಂಬತ್ತು ಜನ ಬಂದಿದ್ದೆವು. ನನ್ನ ಪಕ್ಕದಲ್ಲಿ ಸಂತೆಬಾಚಹಳ್ಳಿಯ ಪುಟ್ಟಸ್ವಾಮಿ ಎಂಬ ಯುವಕ. ನನ್ನ ಹರಕೆಯ ವಿಷಯ ಕೇಳಿ ತೊಡೆ ತಟ್ಟಿ ನಕ್ಕ. "ಅಣ್ಣೋ, ಸುಮ್ಕೆ ಕುಡ್ದುಬುಡು. ಇದು ರಂಗನಾಥನ ಸರಹದ್ದು ಕಣಣ್ಣೋ. ನಿನ್ನ ತೊಣ್ಣೂರಪ್ಪ ಇಲ್ಲೀಗಂಟ ಬಂದಾನಾ?"

"ಇಬ್ಬರೂ ಒಬ್ಬನೇ ಕಣಯ್ಯ" ಎಂದೆ.

"ಅಂಗಾದ್ರೆ ಕೆಟ್ಟೆ ಬುಡು!" ಎಂದ.

ನನ್ನ ಸರದಿ ಬಂತು. ಮೈಸೂರಿನಿಂದ ಬಂದಿದ್ದ ಮ್ಯಾನೇಜರು ಮುಚ್ಚು ಕೋಟಿನವರು, ಗಂಭೀರ ಮನುಷ್ಯ. ಪ್ರಶ್ನೆಗಳಿಗೆಲ್ಲ ಚುರುಕಾಗಿ ಉತ್ತರ ಕೊಟ್ಟೆ. ನಾಲ್ಕೂ ತಾಲ್ಲೂಕುಗಳ ಸಂತೆಯ ದಿನ ಒಪ್ಪಿಸಿದೆ. ಅವರ ಮುಖ ಅರಳಿತು. ಆಗ ಲೋಟ ಮುಂದೆ ಬಂತು.

"ಕುಡೀರಿ."

"ಕ್ಷಮಿಸಬೇಕು. ಕಾಫಿಯನ್ನು ದೇವರಿಗೆ ಬಿಟ್ಟಿದ್ದೇನೆ."

"ಏನು?"

ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬೀಡಿ ಬಿಡಬಹುದಿತ್ತಲ್ರೀ!"

"ಸೇದುವ ಅಭ್ಯಾಸವಿಲ್ಲ ಸ್ವಾಮಿ."

"ತಾನು ಮುಟ್ಟದ್ದನ್ನ ಊರಿಗೆ ಹೇಗೆ ಮಾರ್ತೀರಿ? ಹೋಗಿ, ಹಿಂದಿನ ಜಗಲಿ ಮೇಲೆ ಕೂತಿರಿ. ಎಲ್ಲ ಮುಗಿದ ಮೇಲೆ ನೋಡೋಣ."

ಆ ಮಾತಿನ ಅರ್ಥ ತಿಳಿಯದಷ್ಟು ದಡ್ಡನಲ್ಲ ನಾನು. ಹಿತ್ತಿಲ ಜಗಲಿಯ ಮೇಲೆ ಕುಳಿತೆ. ಟ್ರಂಕಿನಲ್ಲಿ ಮಡಿಸಿಟ್ಟ ಮಕ್ಕಳ ಲಂಗಗಳೇ ಕಣ್ಣ ಮುಂದೆ. ಒಂದು ಗುಟುಕು ಕುಡಿದಿದ್ದರೆ ಏನಾಗುತ್ತಿತ್ತು? ಒಳಗೆ ಹೋಗಿ ಕೇಳಿಕೊಳ್ಳಲೇ ಎಂದು ಎರಡು ಸಲ ಎದ್ದೆ. ಎರಡು ಸಲವೂ ಕುಳಿತೆ. "ಕೊಟ್ಟದ್ದನ್ನು ವಾಪಸು ಕೇಳುವುದಿಲ್ಲ ಸ್ವಾಮಿ. ಆದರೆ ಭಾನುವಾರ ನನ್ನ ಮನೆ ಖಾಲಿಯಾಗುತ್ತದೆ, ನಿನಗೆ ಗೊತ್ತಿರಲಿ" ಎಂದು ಮನಸ್ಸಿನಲ್ಲೇ ಹೇಳಿದೆ.

ಇತ್ತ ಒಬ್ಬೊಬ್ಬರೇ ನಿಂಗಮ್ಮನಿಗೆ ಮಾರಲು ಬಂದು ಸೋತು ಹೋಗುತ್ತಿದ್ದರು. ಪುಟ್ಟಸ್ವಾಮಿ ಬಂದು, "ಅಕ್ಕೋ, ಇದ ಕುಡುದ್ರೆ ಅತ್ತು ವರ್ಸ ಚಿಕ್ಕೋಳಾಗ್ಬುಡ್ತೀಯ" ಎಂದ.

"ಅತ್ತು ವರ್ಸ ಚಿಕ್ಕೋಳಾಗಿ, ಇನ್ನೂ ಅತ್ತು ವರ್ಸ ಜಾಸ್ತಿ ಪಾತ್ರೆ ತಿಕ್ಲಾ? ಓಗ್ಲಾ ಅತ್ಲಾಗೆ!"

ಅವನು ನಗುತ್ತಲೇ ಓಡಿದ. ನಿಂಗಮ್ಮ ಒಳಗಿನಿಂದ ಎಂಜಲು ಲೋಟಗಳನ್ನು ತೊಳೆಯಲು ತಂದಳು. ಅದರಲ್ಲಿ ಒಂದು ತುಂಬಿಯೇ ಇತ್ತು.

"ಇದ್ಯಾರ್ದಪ್ಪ ತುಂಬಿದ್ ಲೋಟ? ನಿಂದಾ ಅಣ್ಣ? ಯಾಕೆ, ಕಾಪಿ ಸೇರಾಕಿಲ್ವಾ?"

"ಸೇರದೆ ಏನಮ್ಮ" ಎಂದೆ. ತಡೆಯಲಾಗಲಿಲ್ಲ. ಇಪ್ಪತ್ತು ವರ್ಷ ಐದೂವರೆಗೆ ಕುಡಿದದ್ದು, ಮೊದಲ ಗುಟುಕು ಇಳಿದಾಗ ಮೈಯೊಳಗೆ ದೀಪ ಹಚ್ಚಿದಂತಾಗುತ್ತಿದ್ದದ್ದು, ಈಗ ನೆರೆಮನೆಯವರು ಕಾಫಿ ಬೆರೆಸುವಾಗ ನಾನು ಬೀದಿಯ ಕೊನೆಯವರೆಗೆ ನಡೆದುಹೋಗುವುದು, ತೊಣ್ಣೂರು, ಹಾಗಲಕಾಯಿ, ಎಲ್ಲ ಹೇಳಿದೆ. ಅವಳು ಬೂದಿಗೈಯಲ್ಲೇ ನಿಂತು ಕೇಳಿದಳು. ಹಾಗಲಕಾಯಿಯ ಮಾತಿಗೆ ನಕ್ಕಳು. ಆಮೇಲೆ ಕೈ ತೊಳೆದು, ಸೆರಗಿನ ಗಂಟು ಬಿಚ್ಚುತ್ತ ಒಳಗೆ ಹೋದಳು.

"ಬುದ್ದಿ, ಒಂದು ಪೊಟ್ಣ ಕೊಡಿ."

ಮ್ಯಾನೇಜರು ಬೆರಗಾದರು. "ಯಾರಮ್ಮ ಮಾರಿದ್ದು?"

"ಯಾರೂ ಮಾರ್ನಿಲ್ಲ ಬುದ್ದಿ. ಆಚೆ ಒಬ್ರು ಕುಡೀದೆ ಕುಂತವ್ರಲ್ಲ, ಅವ್ರು ಯೋಳುದ್ರು. ದೇವ್ರಿಗ್ ಬುಡೋವಷ್ಟು ಚೆಂದಾಗಿದ್ರೆ ನಾನೂ ಒಂದ್ಸಲ ನೋಡ್ಬ್ಯಾಡ್ವಾ?"

ಜಗಲಿಯ ಮೇಲಿದ್ದ ನನಗೆ ಪ್ರತಿಯೊಂದು ಮಾತೂ ಕೇಳಿಸಿತು. ಮೈಯೆಲ್ಲ ರೋಮಾಂಚ! ನಾನು ಮಾರಲು ಹೋಗಿರಲಿಲ್ಲ. ನನ್ನ ಬಾಯಿಂದ ಮಾರಿಸಿದವನು ತೊಣ್ಣೂರು ಸ್ವಾಮಿಯೇ! ಮ್ಯಾನೇಜರು ತಾವೇ ಎದ್ದು ಜಗಲಿಗೆ ಬಂದರು. "ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಂದುಬಿಡಿ. ಕಾಫಿ ಕುಡಿಯಬೇಡಿ. ದಯವಿಟ್ಟು ಯಾವತ್ತೂ ಕುಡಿಯಬೇಡಿ" ಎಂದು, ಮನೆಯವರಿಗೆಂದು ಒಂದು ಪೊಟ್ಟಣ ಕೈಗಿಟ್ಟರು.

ಪುಟ್ಟಸ್ವಾಮಿ ನನ್ನ ಬೆನ್ನಿಗೊಂದು ಗುದ್ದಿದ. "ಬಂದ್ಬುಟ್ಟನಲ್ಲಣ್ಣೋ ನಿನ್ನ ತೊಣ್ಣೂರಪ್ಪ! ನಂದೂ ಒಂದು ಮಾತು ಆಕು ಅವ್ನ್ ಕಿವೀಗೆ."

ಮನೆ ಮುಟ್ಟಿ ಹೊಸ್ತಿಲಲ್ಲೇ ವಿಷಯ ಹೇಳಿದೆ. "ಏನ್ ಮಾರಾಕಂತೆ?" ಎಂದಳು ಲಕ್ಷ್ಮಮ್ಮ. ಕಾಫಿ ಪುಡಿ ಎಂದೆ. ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಹಾಗೆಯೇ ಅತ್ತಳು. ಟ್ರಂಕನ್ನು ನಡುಮನೆಗೆ ಎಳೆದು ಲಂಗಗಳನ್ನು ಒಂದೊಂದಾಗಿ ತೆಗೆದು ಗೂಟಕ್ಕೆ ಹಾಕಿದಳು. ಭಾನುವಾರ ಬಂದ ಬಾವಮೈದ ಒಬ್ಬನೇ ನಾಗಮಂಗಲಕ್ಕೆ ಹೊರಟ, ಕೈಯಲ್ಲೊಂದು ಕಾಫಿ ಪುಡಿಯ ಪೊಟ್ಟಣ ಹಿಡಿದುಕೊಂಡು.

ಹದಿನೈದು ವರ್ಷವಾಯಿತು. ನಾಲ್ಕು ತಾಲ್ಲೂಕುಗಳಲ್ಲೂ ನನ್ನನ್ನು ಕುಡಿಯದ ಕಾಫಿಯಪ್ಪ ಎಂದೇ ಕರೆಯುತ್ತಾರೆ. ಹೊಸ ಪುಡಿ ಬಂದರೆ ಮೂಸಿಯೇ ಗುಣ ಹೇಳುತ್ತೇನೆ. ನಾಲಿಗೆಗೆ ಒಂದು ಹನಿಯೂ ತಾಗಿಲ್ಲ.

ಈಗಲೂ ಐದಕ್ಕೆ ಏಳುತ್ತೇನೆ. ಐದೂವರೆಗೆ ಕಾಫಿ ಬೆರೆಸುವವನು ನಾನೇ. ಲೋಟವನ್ನು ಲಕ್ಷ್ಮಮ್ಮನ ಕೈಗೆ ಕೊಡುವ ಮೊದಲು ತೊಣ್ಣೂರಿನ ಕಡೆ ತಿರುಗಿ ಒಂದು ಗಳಿಗೆ ಎತ್ತಿ ಹಿಡಿಯುತ್ತೇನೆ. ಹಬೆ ಮುಖಕ್ಕೆ ತಾಗುತ್ತದೆ. ಅಷ್ಟು ನನ್ನ ಪಾಲಿನ ಪ್ರಸಾದ.