ಅಪ್ಪನ ನಾಟಕದ ಮಗಳು

ಬಣ್ಣ ಹಚ್ಚಿದ ಮುಖಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿದಾಗ ಬರುವ ವಾಸನೆ ನಿಮಗೆ ಗೊತ್ತೇ? ನಿನ್ನೆ ಸಂಜೆ ಮುನಿರಾಬಾದಿನ ನಮ್ಮ ಕ್ವಾರ್ಟರ್ಸಿನ ಬಚ್ಚಲಮನೆ ತುಂಬ ಅದೇ ವಾಸನೆ. ಮಗಳ ಶಾಲೆಯ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಮುಗಿಸಿ ಬಂದಿದ್ದೆವು. ಅವಳ ಗಲ್ಲದ ಕೆಂಪು ಬಿಡಿಸುತ್ತ ಕೂತವಳಿಗೆ ಹಳೆಯ ಹೊಟ್ಟೆಕಿಚ್ಚೊಂದು ಎದ್ದು ಬಂತು. ಎಣ್ಣೆ ಮುಟ್ಟಿದರೆ ಹೊಟ್ಟೆ ಉರಿಯುವವಳು ಈ ಸೀಮೆಗೆಲ್ಲ ನಾನೊಬ್ಬಳೇ ಇರಬೇಕು.

ತಳಕಲ್ ನನ್ನ ತವರು. ಅಲ್ಲಿ ಸುಗ್ಗಿ ಮುಗಿದ ಮೇಲೆ ಊರವರೇ ಬಣ್ಣ ಹಚ್ಚಿ ನಾಟಕ ಆಡುತ್ತಿದ್ದರು. ನಾಟಕ ಯಾವುದೇ ಇರಲಿ, ತಂದೆಯ ಪಾತ್ರ ನಮ್ಮಪ್ಪನದು; ಮಗಳ ಪಾತ್ರಕ್ಕೆ ಕುಷ್ಟಗಿಯಿಂದ ಶಾರದಾ ಎಂಬ ನಟಿ ಬರುತ್ತಿದ್ದಳು. ಅವಳು ಯಾರ ಮಗಳಾಗಿ ನಿಲ್ಲುತ್ತಾಳೋ ಆ ಮನೆಯವರೇ ಇರಿಸಿಕೊಂಡು, ಆಟ ಮುಗಿದ ಮೇಲೆ ಉಡಿ ತುಂಬಿ ಕಳಿಸಬೇಕು. ಅದು ಊರ ಪದ್ಧತಿ. ನಮ್ಮವ್ವ ಅವಳ ಮುಖದ ಬಣ್ಣವನ್ನು ಎಣ್ಣೆ ತಿಕ್ಕಿ ಬಿಡಿಸಿ, ಕುಬಸದ ಬಟ್ಟೆ, ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬುತ್ತಿದ್ದಳು. ಬಸ್ಸಿನವರೆಗೆ ಅರ್ಧ ಊರೇ ನಡೆಯುತ್ತಿತ್ತು. "ನಮ್ಮೂರ ಮಗಳು ಹೊಂಟಾಳ್ರೀ, ಸೀಟ್ ಕೊಡ್ರಿ" ಎಂದು ಕಂಡಕ್ಟರನಿಗೆ ಜೋರು ಬೇರೆ.

ಸಣ್ಣವಳಿದ್ದಾಗ ದನದ ಕೊಟ್ಟಿಗೆಯಲ್ಲಿ ಕೌದಿಯ ಪರದೆ ಕಟ್ಟಿ, ಗೆಳತಿಯರ ಮುಂದೆ ನಾನೂ ಶಾರದಾ ಆಗಿದ್ದವಳೇ. ಆಗ ಕಿಚ್ಚಿರಲಿಲ್ಲ, ಬರೀ ಹುಚ್ಚು. ಕಿಚ್ಚು ಹತ್ತಿದ್ದು ಮದುವೆಯಾದ ಮೇಲೆ. ನನ್ನನ್ನು ಗಂಡನ ಮನೆಗೆ ಕಳಿಸುವ ಹೊತ್ತಿಗೆ ಅಪ್ಪ ಎತ್ತಿಗೆ ನೀರು ಕುಡಿಸಬೇಕೆಂದು ಹಿತ್ತಲಿಗೆ ಹೋದ. ಒಂದು ಹನಿ ಕಣ್ಣೀರಿಲ್ಲ. ಅದೇ ಅಪ್ಪ ಆ ವರ್ಷದ ನಾಟಕದಲ್ಲಿ ಶಾರದಾಳನ್ನು ಗಂಡನ ಮನೆಗೆ ಕಳಿಸುತ್ತ ಗೊಳೋ ಎಂದು ಅತ್ತ! "ಎಂಥಾ ಅಪ್ಪ ಅದಾನವ್ವಾ" ಎಂದು ಹೆಂಗಸರೆಲ್ಲ ಸೆರಗು ಕಣ್ಣಿಗೊತ್ತಿಕೊಂಡರು. ನನಗೆ ಆಗ ಹತ್ತಿತು ನೋಡಿ ಕಿಚ್ಚು. ಹೌದು, ನಾಟಕದವಳ ಮೇಲೆಯೇ. ನಗುವುದಿದ್ದರೆ ನಗಿ.

ಜನ ಬಿಡಲಿಲ್ಲ, ಮರುವರ್ಷವೂ ಅದೇ ನಾಟಕ. ನಾನು ತವರಿಗೆ ಬಂದಿದ್ದೆ. ತಾಲೀಮಿನ ದಿನ ಬಸ್ಸು ಕೆಟ್ಟು ಶಾರದಾ ಬರಲಿಲ್ಲ. ಹಾರ್ಮೋನಿಯಂ ನುಡಿಸುತ್ತಿದ್ದ ಪೇಟಿ ಮಾಸ್ತರರು ನನ್ನನ್ನೇ ಕರೆದರು.

"ತಂಗೀ, ಆಕಿ ಜಾಗಾದಾಗ ಸುಮ್ನ ನಿಲ್ಲು ಬಾ. ಮಾತು ನಿಮ್ಮಪ್ಪಂದೈತಿ."

ನಿಂತೆ. ನಿಜ ಹೇಳುತ್ತೇನೆ, ಈಗಲಾದರೂ ಅಪ್ಪ ನನಗಾಗಿ ಅಳುತ್ತಾನೆ, ಸುಳ್ಳುಸುಳ್ಳಾದರೂ ಅಳುತ್ತಾನೆ ಎಂಬ ಆಸೆ.

"ಹೋಗಿ ಬಾ ಮಗಳೇ..." ಅಂದ ಅಪ್ಪ ಅಷ್ಟಕ್ಕೇ ನಿಂತ. ಮಾಸ್ತರರು ಮುಂದಿನ ಮಾತು ಹೇಳಿಕೊಟ್ಟರು. ಕೊನೆಗೆ ಅಪ್ಪ ಟವೆಲ್ಲು ಹೆಗಲಿಗೆ ಒಗೆದುಕೊಂಡು, "ಶಾರದಾ ಬರ್ಲಿ ಬಿಡ್ರಿ. ಈಕಿ ಮುಂದ ನನಗ ಬರಂಗಿಲ್ಲ" ಎಂದು ಹೊರಟೇಬಿಟ್ಟ.

ಊರ ಮಂದಿಯ ಮುಂದೆ ಹೀಗನ್ನಬೇಕೇ! ಆಟಕ್ಕೂ ಮಗಳಾಗಲು ನಾನು ಸಾಲದವಳಾದೆನೇ?

ಮರುದಿನ ಮುಂಜಾನೆ ಬಂದ ಶಾರದಾಳ ಮುಂದೆ ಇದ್ದದ್ದನ್ನೆಲ್ಲ ಕಾರಿಬಿಟ್ಟೆ. ನಗುತ್ತಾಳೆ ಅಂದುಕೊಂಡಿದ್ದೆ. ಅವಳ ಮುಖ ಸಣ್ಣಗಾಯಿತು.

"ಇಷ್ಟ ವರ್ಷ ಆತು, ನನ್ನ ಮುಂದ ನಿಮ್ಮಪ್ಪಾರ ಬಾಯಿ ಒಂದಿನಾನೂ ಕಟ್ಟಿಲ್ಲ" ಅಂದಳು. "ನಿನ್ನ ಮುಂದ ಕಟ್ಟೇತಿ. ಪುಣ್ಯಾ ಮಾಡೀ ತಂಗಿ."

ಅವಳ ದನಿಯಲ್ಲಿದ್ದದ್ದೂ ಹೊಟ್ಟೆಕಿಚ್ಚೇ. ಗುರುತು ಹಿಡಿದೆ, ನನಗೆ ಪರಿಚಯದ್ದಲ್ಲವೇ! ಆದರೆ ಅವಳಿಗೇಕೆ, ಅಪ್ಪನ ಬಾಯಿ ನನ್ನ ಮುಂದೆಯೇ ಏಕೆ ಕಟ್ಟಿತು ಎಂಬುದು ಮಾತ್ರ ತಿಳಿಯಲಿಲ್ಲ. ಅಪ್ಪ ಹೋಗಿ ವರ್ಷಗಳಾದವು, ಕೇಳೋಣವೆಂದರೆ ಅವನಿಲ್ಲ.

ನಿನ್ನೆಯ ನಾಟಕದಲ್ಲಿ ನನ್ನ ಮಗಳಿಗೆ ತಾಯಿಯಾದವರು ಅವಳ ಮಿಸ್ಸು. ಮಗಳನ್ನು ಊರು ಬಿಡಿಸಿ ಓದಲು ಕಳಿಸುವ ತಾಯಿ. ಅವರು ತಬ್ಬಿಕೊಂಡು ಅತ್ತಾಗ ಚಪ್ಪಾಳೆಯೋ ಚಪ್ಪಾಳೆ. ನಾನು ಕೈ ಕಟ್ಟಿಕೊಂಡು ಕೂತಿದ್ದೆ.

"ಮಮ್ಮೀ, ಮಿಸ್ ಎಷ್ಟ ಛಲೋ ಅತ್ರು ನೋಡಿದೇನು?" ಎಂದಳು ಮಗಳು, ಮುಖದ ತುಂಬ ಎಣ್ಣೆ. ಬರುವ ತಿಂಗಳು ಅವಳು ನಿಜವಾಗಿಯೂ ಹಾಸ್ಟೆಲ್ಲಿಗೆ ಹೋಗುವವಳು. "ನೀನೂ ಹಂಗ ಹೇಳ ನೋಡೂಣು. ಹೋಗಿ ಬಾ ಮಗಳೇ, ಅನ್ನು."

"ಹೋಗಿ..." ಅಂದೆ. ಅಷ್ಟಕ್ಕೇ ಬಿಟ್ಟು ಮತ್ತೆ ಎಣ್ಣೆ ಬಟ್ಟಲಿಗೆ ಕೈ ಹಾಕಿದೆ. ಅವಳು ಕಾಯುತ್ತಿದ್ದಳು.

"ನಿನ್ನ ಮುಂದ ನನಗ ಬರಂಗಿಲ್ಲವ್ವಾ" ಅಂದೆ.